ಗೋಡೆ ತುಂಬ ಚಿನ್ನದ ಲೇಬಲ್

ಕಾರ್ಮಿಕರ ಸಂಘದ ಅರ್ಜಿಗೆ ಸಹಿ ಕೇಳಲು ಮನೆಗೆ ಹೋದರೆ ಅಕ್ಕ ಹೆಬ್ಬೆಟ್ಟು ಚಾಚಿದಳು. ಕೇರಿಗೆಲ್ಲ ಅವಳು ಅಕ್ಕ. ಗ್ರಾಮಫೋನ್ ಪ್ಲೇಟಿನ ಕಾರ್ಖಾನೆಯಲ್ಲಿ ಒಡೆಯುವ ಕೆಲಸ. ಮಾರಾಟವಾಗದೆ ವಾಪಸು ಬಂದ ಪ್ಲೇಟುಗಳ ನಡುವಿನ ಲೇಬಲ್ಲನ್ನು ಕೈಯಂತ್ರದಿಂದ ಗುದ್ದಿ ತೆಗೆಯಬೇಕು. ಕಾಗದ ಬೆರೆತರೆ ಮಾಲು ಕೆಡುತ್ತದೆ. ಉಳಿದ ಕರಿ ಚೂರು ಗಿರಣಿಗೆ. ಆ ಪುಡಿ ಕರಗಿಸಿ ಮತ್ತೆ ಹೊಸ ಪ್ಲೇಟು. ಎಂಟು ವರ್ಷ ಇದೇ. ಉಗುಳಿದರೆ ಉಗುಳೂ ಕಪ್ಪು.

ಅವಳ ಗಂಡ ಡ್ಯಾನ್ಸ್ ಹಾಲಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ. ಜಾಝ್ ಕುಣಿತಕ್ಕೆ ಜನ ಹುಚ್ಚೆದ್ದಿದ್ದ ಕಾಲ. ಇದೇ ಕಂಪನಿ ಆ ಬ್ಯಾಂಡನ್ನು ಕರೆಸಿ ಒಂದೇ ಒಂದು ಹಾಡು ಅಚ್ಚು ಮಾಡಿಸಿತು. ಆಗ ಮೈಕಿಲ್ಲ. ಸದ್ದು ಹಿಡಿಯುವ ದೊಡ್ಡ ತಗಡಿನ ಕೊಳವೆಯ ಮುಂದೆ ಎಲ್ಲರೂ ನುಡಿಸಬೇಕು. ಇವನ ಊದು ವಿಪರೀತ ಜೋರೆಂದು ಮೂಲೆಗೆ ತಳ್ಳಿ ಗೋಡೆಗೆ ಮುಖ ಮಾಡಿಸಿದರು.

"ಮೇಷ್ಟ್ರ ಹತ್ರ ಒದೆ ತಿಂದವನ ಥರ ನಿಂತು ಊದಿದೆ ಕಣೇ. ಆದ್ರೂ ಕೇಳಿಸುತ್ತೆ, ನೋಡ್ತಿರು" ಅಂದಿದ್ದನಂತೆ.

ಕೇಳಲು ಮನೆಯಲ್ಲಿ ಗ್ರಾಮಫೋನಿಲ್ಲ, ಪ್ಲೇಟೂ ಕೈಗೆ ಬರಲಿಲ್ಲ. ಮರುವರ್ಷ ಕ್ಷಯ ಅವನನ್ನು ತಿಂದು ಹಾಕಿತು. ಆ ಊದು ಒಮ್ಮೆ ಕೇಳಲೇಬೇಕೆಂದು ಅಕ್ಕ ಕಾರ್ಖಾನೆ ಸೇರಿದ್ದು. ಓದು ಬಾರದು. ಮೇಸ್ತ್ರಿಗೆ ಹೇಳಿಟ್ಟಿದ್ದಳು: "ನಮ್ಮೋರ ಬ್ಯಾಂಡಿಂದು ಬಂದ್ರೆ ಹೇಳಣ್ಣ." ಅವನು, "ಆಯ್ತಮ್ಮ, ಮೊದ್ಲು ಕೈ ಆಡಿಸು" ಅನ್ನುತ್ತಿದ್ದ.

ನಾನು ಹೆಬ್ಬೆಟ್ಟು ಒತ್ತಿಸಿಕೊಂಡು ತಲೆ ಎತ್ತಿದೆ. ಗಾರೆ ಉದುರಿದ ಕಡೆಯೆಲ್ಲ ಗುಂಡು ಲೇಬಲ್‌ಗಳನ್ನು ಅಂಟಿಸಿದ್ದಳು.

"ಚಿನ್ನದ ಬಣ್ಣದ್ದೇ ಆರಿಸಿ ತಂದಿರೋದು. ಅರಮನೆ ಕಣೋ ಇದು!"

ಸುಮ್ಮನೆ ಗಟ್ಟಿಯಾಗಿ ಓದುತ್ತಾ ಹೋದೆ. ಕಿಟಕಿ ಪಕ್ಕದ್ದರಲ್ಲಿ ಆ ಡ್ಯಾನ್ಸ್ ಹಾಲಿನ ಬ್ಯಾಂಡಿನ ಹೆಸರಿತ್ತು.

"ಏನಂದೆ?"

ಮತ್ತೆ ಓದಿದೆ. ಅಕ್ಕನ ಕೈಯಲ್ಲಿದ್ದ ಚೊಂಬು ಓರೆಯಾಗಿ ನೀರು ಸುರಿಯುತ್ತಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

"ಅದೊಂದೇನಾ?"

ಒಂದಲ್ಲ. ಹುಡುಕಿದೆ. ಹನ್ನೊಂದು. ನನ್ನ ಬಾಯಿಗೆ ಮಣ್ಣು ಹಾಕ.

"ಹನ್ನೊಂದು ಸಲ ಗುದ್ದಿದೀನಿ. ಈ ಕೈಯಲ್ಲೇ." ಅಂಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. ಅಳಲಿಲ್ಲ. ರೆಪ್ಪೆಯನ್ನೂ ಬಡಿಯಲಿಲ್ಲ.

ನಾನೊಬ್ಬ ಪೆದ್ದ, ಸಮಾಧಾನಕ್ಕೆ ಹೊರಟೆ. "ಆ ಪುಡೀನೇ ಹೊಸ ಪ್ಲೇಟಲ್ಲಿ ಇರುತ್ತಲ್ಲಕ್ಕ. ಭಾವ ಎಲ್ಲೂ ಹೋಗಿಲ್ಲ."

"ಥೂ! ಬೀಸಿದ ಮೇಲೆ ಎಲ್ಲಾ ಒಂದೇ ಹಿಟ್ಟು. ಹಿಟ್ಟು ತುತ್ತೂರಿ ಊದುತ್ತೇನೋ?"

ಮರುದಿನ ಅವಳು ಯಂತ್ರದ ಮುಂದೆ ಕೈ ಕಟ್ಟಿ ಕೂತಳು. ಮೇಸ್ತ್ರಿ ಕೂಗಾಡಿದ.

"ಒಂದೊಂದ್ರ ಲೇಬಲ್ಲೂ ಓದಿ ಹೇಳು. ಆಮೇಲೆ ಒಡೀತೀನಿ" ಅಂದಳು ಅಕ್ಕ.

ಸಾಲಿನಲ್ಲಿದ್ದ ಹೆಂಗಸರೆಲ್ಲ ಕೈ ಕಟ್ಟಿದರು. ಗಿರಣಿ ಬರಿದೇ ಗರಗರ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಲೇಬಲ್ ಓದಲು ಬಾಯಿ ತೆರೆದ, ಸಂಜೆಗೆ ಗಂಟಲು ಕಟ್ಟಿತು.

"ಇಷ್ಟು ಅರಚಿದ್ರೂ ಸಾಲ್ದೇನಮ್ಮ?"

"ಜೋರಾಯ್ತು ಅನ್ಸಿದ್ರೆ ಗೋಡೆ ಕಡೆ ತಿರುಗಿ ಓದು."

ಆ ಪ್ಲೇಟು ಮತ್ತೆ ಬರಲಿಲ್ಲ. ಓದಿ ಹೇಳದ ಒಂದನ್ನೂ ಅಕ್ಕ ಮತ್ತೆ ಒಡೆಯಲಿಲ್ಲ.