ಗುಂಪುಗೂಡದ ಎರಡು ಹನಿ

ಹೋದ ತಿಂಗಳು ಮಸ್ಕಿಯ ರಕ್ತದಾನ ಶಿಬಿರದಲ್ಲಿ ನರ್ಸ್ ನನ್ನ ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಮೂಗಿಗೇರುವ ಆ ವಾಸನೆಗೆ ಲಿಂಗಸುಗೂರಿನ ನಮ್ಮ ಕಾಲೇಜಿನ ಪ್ರಯೋಗಾಲಯವೇ ಕಣ್ಣೆದುರು ಬಂದು ನಿಂತಿತು. ಉದ್ದನೆಯ ಕಲ್ಲಿನ ಕಟ್ಟೆ, ನೀರು ಬಾರದ ನಲ್ಲಿ, ಕಿಟಕಿಯ ಬಳಿ ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮುತ್ತಿದ್ದ ಪ್ರಾಣಿಶಾಸ್ತ್ರದ ಮೇಡಂ...

ಆಗ ನಾನು ಸಂತೆಕಲ್ಲೂರಿನಿಂದ ದಿನಾ ಬಸ್ಸಿಗೆ ಹೋಗಿ ಬಿಎಸ್ಸಿ ಓದುತ್ತಿದ್ದೆ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವಳಿಗೆ ಅರ್ಧ ಪಾಠ ತಲೆಗೆ ಹೋಗುತ್ತಿರಲಿಲ್ಲ. ಅದರಲ್ಲೂ ಪ್ರತಿಕಾಯದ ಪಾಠ. ರೋಗಾಣುವನ್ನು ಹಿಡಿಯಲು ರಕ್ತದಲ್ಲಿ ತಿರುಗುವ ಪ್ರೋಟೀನು ಎನ್ನುವವರೆಗೆ ಸರಿ. ದೇಹ ಎಂದೂ ಕಾಣದ ರೋಗಾಣುವಿಗೂ ಹೊಂದುವ ಪ್ರತಿಕಾಯ ಮೊದಲೇ ತಯಾರಿರುತ್ತದೆ ಎಂದಾಗ ನಾನು ಬರೆಯುವುದನ್ನು ನಿಲ್ಲಿಸಿದೆ.

ಪ್ರತಿಕಾಯದ ಆಕಾರ ತೋರಿಸಲು ಮೇಡಂ ನಾಲ್ವರು ಹುಡುಗಿಯರನ್ನು ಮುಂದೆ ಕರೆದರು. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ನಿಂತು ಒಂದೊಂದು ಕೈ ಓರೆಯಾಗಿ ಮೇಲೆತ್ತಿದರು. ಉಳಿದಿಬ್ಬರು ಆ ಕೈಗಳಿಗೆ ತಮ್ಮ ಕೈ ಜೋಡಿಸಿದರು. ಎರಡು ಉದ್ದನೆಯ ಸರಪಳಿ, ಎರಡು ಗಿಡ್ಡ ಸರಪಳಿ. "ಬುಡ ಬಹಳ ಬದಲಾಗಂಗಿಲ್ಲ. ಹಿಡಿಯೋದು ಈ ತುದಿ. ತುದಿ ಒಂದೊಂದರದೂ ಬ್ಯಾರೆ," ಎಂದರು.

"ಅಷ್ಟು ತುದಿಗೆ ಅಷ್ಟು ಜೀನು ಎಲ್ಲಿಂದ ಬರತಾವ್ರಿ ಮೇಡಂ?" ಎಂದು ಕೇಳಿದೆ.

"ನಿಮ್ಮವ್ವ ಕೌದಿ ಹೊಲಿತಾಳಿಲ್ಲೋ? ಗಂಟಿನಾಗ ಇರೋ ಬಟ್ಟಿ ತುಂಡು ಸ್ವಲ್ಪನ. ಆದ್ರ ಒಂದು ಕೌದಿ ಇದ್ದಂಗ ಇನ್ನೊಂದು ಇರತೈತೇನು? ಇದೂ ಹಂಗ. ಒಂದೊಂದು ಜೀವಕೋಶ ಕೈಗೆ ಸಿಕ್ಕ ಜೀನಿನ ತುಂಡು ಕತ್ತರಿಸಿ ಜೋಡಿಸ್ತೈತಿ."

ಮರುವಾರ ಬ್ಯಾಕ್ಟೀರಿಯಾದ ಪಾಠ ಬಂದು ಇನ್ನೂ ಗೋಜಲಾಯಿತು. ಅವಕ್ಕೆ ಉಂಗುರದಂಥ ಒಂದು ದೊಡ್ಡ ಡಿಎನ್‌ಎ. ಕೆಲವಕ್ಕೆ ಜೊತೆಗೆ ಪುಟ್ಟ ಉಂಗುರಗಳು. ಔಷಧಿಯನ್ನು ತಡೆಯುವ ಜೀನು ಆ ಪುಟ್ಟ ಉಂಗುರದಲ್ಲಿದ್ದರೆ ಅದರ ನಕಲನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಹಾಗಾದರೆ ಕಡೆಗೆ ಗೆಲ್ಲುವವರು ಯಾರು ಎಂದು ಕೇಳಿದೆ. "ನನಗೂ ಪೂರಾ ತಿಳಿದಿಲ್ಲವಾ," ಎಂದು ನಕ್ಕರು, ಮತ್ತೆ ಕೆಮ್ಮಿದರು. ಎರಡು ತಿಂಗಳಿಗೊಮ್ಮೆ ಅವರಿಗೆ ಜ್ವರ, ರಜೆ, ಮಾತ್ರೆ... ಸೀಮೆಸುಣ್ಣದ ಧೂಳು ಆಗಿಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ರಕ್ತದ ಗುಂಪಿನ ಪ್ರಯೋಗದ ದಿನ ಬಂತು. ಓ ಗುಂಪಿನವರ ರಕ್ತದ ತಿಳಿಯಲ್ಲಿ, ಅಂದರೆ ಕಣಗಳನ್ನು ತೆಗೆದ ಮೇಲೆ ಉಳಿಯುವ ಸೀರಮ್ಮಿನಲ್ಲಿ, ಎ, ಬಿ ಎರಡೂ ಗುಂಪಿನ ಕೆಂಪು ಕಣಗಳನ್ನು ಹಿಡಿಯುವ ಪ್ರತಿಕಾಯ ಇರಬೇಕು. ಮೇಡಂ ಓ ಗುಂಪಿನವರು. ತಮ್ಮದೇ ರಕ್ತದ ತಿಳಿಯನ್ನು ನನ್ನ ಕೈಗೆ ಕೊಟ್ಟರು. ಬಿಳಿ ಹಲಗೆಯ ಮೇಲೆ ಗೆಳತಿಯರ ಎ ಕಣದ ಒಂದು ಹನಿ, ಬಿ ಕಣದ ಒಂದು ಹನಿ ಇಟ್ಟು, ಎರಡಕ್ಕೂ ತಿಳಿ ಸೇರಿಸಿ ಕಡ್ಡಿಯಿಂದ ಕದಡಿದೆ. ಒಡೆದ ಹಾಲಿನಂತೆ ಕಾಳುಕಾಳಾಗಬೇಕಿತ್ತು. ಆಗಲಿಲ್ಲ. ಎರಡೂ ಹನಿ ನುಣ್ಣಗೆ ಹಾಗೇ ಇದ್ದವು. ಮೂರು ಸಲ ಮಾಡಿದೆ. ಬೇರೆಯವರ ತಿಳಿ ಬಳಸಿದ ಉಳಿದವರದೆಲ್ಲ ಸರಿಯಾಗಿ ಬಂದಿತ್ತು.

"ಬಂತೇನವಾ?" ಎಂದು ಮೇಡಂ ಕಿಟಕಿಯ ಕಡೆಯಿಂದಲೇ ಕೇಳಿದರು.

"ಬಂತ್ರಿ," ಎಂದೆ.

ರೆಕಾರ್ಡಿನಲ್ಲಿ ಎರಡೂ ಕಡೆ 'ಗುಂಪುಗೂಡಿದೆ' ಎಂದು ಬರೆದೆ. ಮೇಡಂ ಸಹಿ ಹಾಕಿದರು. ಸುಳ್ಳು ಬರೆದೆ ಎಂದು ಆಗ ಅನಿಸಲಿಲ್ಲ. ತಪ್ಪಿದ್ದು ನನ್ನ ಕೈ, ಪುಸ್ತಕವಲ್ಲ ಎಂದುಕೊಂಡಿದ್ದೆ.

ಐದು ತಿಂಗಳ ನಂತರ ಮೇಡಂಗೆ ನ್ಯುಮೋನಿಯಾ ಆಗಿ ಸಿಂಧನೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ಹಾಸಿಗೆಯ ಪಕ್ಕ ಅವರ ಅಕ್ಕ ಕೂತಿದ್ದರು. "ಒಂದು ಔಷಧಿ ನಾಟವಲ್ದು, ಎರಡನೇದು ಹಚ್ಯಾರ," ಎಂದರು. ಮೇಡಂ ಕಣ್ಣು ಬಿಟ್ಟು, ಓದಾಕತ್ತೀಯಿಲ್ಲೋ ಎಂದು ಕೇಳಿದರು. ಅಷ್ಟಕ್ಕೇ ನನಗೆ ಆ ಎರಡು ಹನಿ ನೆನಪಾದವು. ಯಾಕೆ ಆಗಲೇ ನೆನಪಾದವು, ಇಂದಿಗೂ ತಿಳಿಯದು.

"ಮೇಡಂ, ಅವತ್ತು ನಿಮ್ಮ ರಕ್ತ ಕಾಳು ಕಟ್ಟಲಿಲ್ರಿ. ನಾ ಕಟ್ಟೈತಿ ಅಂತ ಬರದೆ."

ಅವರು ದಿಂಬಿನಿಂದ ತಲೆ ಎತ್ತಿದರು. "ಎರಡೂ ಹನಿ?"

"ಎರಡೂರಿ. ಮೂರು ಸಲ ಮಾಡಿದ್ನಿರಿ."

"ಪುಸ್ತಕದಾಗ ಏನೈತಿ ಅಂತ ನನಗ ಗೊತ್ತೈತಿ. ನಾ ಕೇಳಿದ್ದು ನಿನಗ ಕಂಡದ್ದು," ಎಂದರು. ದನಿಯಲ್ಲಿ ಸಿಟ್ಟಿತ್ತೋ ಆಯಾಸವಿತ್ತೋ... ನಾನು ಅಳುತ್ತ ಹೊರಗೆ ಬಂದೆ.

ಅಂದೇ ಅವರು ಡಾಕ್ಟರರಿಗೆ ಹೇಳಿ ಪ್ರತಿಕಾಯದ ಪರೀಕ್ಷೆಗೆ ರಕ್ತ ಕಳಿಸಿದರಂತೆ. ಅವರ ರಕ್ತದಲ್ಲಿ ಪ್ರತಿಕಾಯವೇ ಹೆಚ್ಚುಕಡಿಮೆ ಇರಲಿಲ್ಲ. ಈ ಕೊರತೆ ಹುಟ್ಟಿನಿಂದ ಇತ್ತೋ, ನಡುವಯಸ್ಸಿಗೆ ಬಂತೋ, ಯಾರೂ ಖಚಿತವಾಗಿ ಹೇಳಲಿಲ್ಲ. ಆಮೇಲೆ ತಿಂಗಳಿಗೊಮ್ಮೆ, ಸಾವಿರಾರು ಜನರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯವನ್ನು ನರಕ್ಕೆ ಏರಿಸತೊಡಗಿದರು. ಮೇಡಂ ಮತ್ತೆ ಪಾಠಕ್ಕೆ ಬಂದರು. "ಯಾವ್ಯಾವ ಊರಿನವರೋ... ಅವರು ಕಂಡ ರೋಗದ ನೆನಪೆಲ್ಲ ಈಗ ನನ್ನ ಮೈಯಾಗ ಓಡಾಡಾಕತ್ತೈತಿ," ಎಂದು ತರಗತಿಯಲ್ಲೇ ಹೇಳಿದರು. ಜ್ವರ ಕಡಿಮೆಯಾಯಿತು. ಆದರೆ ಶ್ವಾಸಕೋಶ ಆಗಲೇ ಕೆಟ್ಟಿತ್ತು.

ಡಿಗ್ರಿ ಮುಗಿದ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಕೇಳಿಯೇಬಿಟ್ಟೆ: ಆ ಐದು ತಿಂಗಳು ಮೊದಲೇ ಗೊತ್ತಾಗಿದ್ದರೆ?

"ಇರಬಹುದು. ಇರಲಿಕ್ಕೂ ಇಲ್ಲ. ಕೆಮ್ಮು ಅದಕ್ಕಿಂತ ಮೊದಲ ಇತ್ತಲ್ಲ," ಎಂದರು. "ನೀ ಹೇಳಿದ್ದಕ್ಕ ಗೊತ್ತಾತು, ಅದೂ ಖರೇನ." ಚಹಾ ಕೊಟ್ಟು ಕಳಿಸಿದರು. ಕ್ಷಮಿಸಿದರೋ ಇಲ್ಲವೋ, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಯೋಚಿಸಿದೆ. ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಈಗ ನಾನು ಜವಳಗೇರಾದಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಒಂದು ಲೇಖನ ಓದುತ್ತಿದ್ದೆ. ರೋಗಾಣು ಸಿಕ್ಕ ಮೇಲೆ ನಮ್ಮ ಜೀವಕೋಶಗಳು ಪ್ರತಿಕಾಯದ ಜೀನನ್ನು ನಕಲು ಮಾಡುವಾಗ ಬೇಕೆಂದೇ ತಪ್ಪು ಮಾಡುತ್ತವಂತೆ. ಆ ತಪ್ಪುಗಳಲ್ಲೇ ಇನ್ನೂ ಗಟ್ಟಿಯಾಗಿ ಹಿಡಿಯುವ ತುದಿ ಸಿಗುತ್ತದಂತೆ. ಹಾಗಾದರೆ ಅದನ್ನು ತಪ್ಪು ಎನ್ನುವುದು ಹೇಗೆ? ಎರಡು ಸಲ ಓದಿದರೂ ಸರಿಯಾಗಿ ತಿಳಿಯಲಿಲ್ಲ. ಭಾನುವಾರ ಲಿಂಗಸುಗೂರಿಗೆ ಹೋಗಿ ಮೇಡಂನ ಕೇಳಿ ಬಂದರಾಯಿತು ಎಂದುಕೊಂಡು ಹಾಳೆಯ ಮೂಲೆ ಮಡಚಿಟ್ಟೆ... ಮಡಚಿದ ಮೇಲೆ ನೆನಪಾಯಿತು.