ಬಾಗಿಲು ತೆಗೆದ ಮೇಸ್ತ್ರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಇಡೀ ಮನೆ ಯಾಕೆ, ಒಂದು ಬಚ್ಚಲು ಕಟ್ಟಿಸಿ ನೋಡಿ, ಸಾಕು. ಅದರಲ್ಲೂ ನಮ್ಮ ‘ಆಯ್ತಕ್ಕ’ ಮೇಸ್ತ್ರಿಯ ಕೈಯಲ್ಲಿ.

ಏನು ಹೇಳಿದರೂ “ಆಯ್ತಕ್ಕ” ಅನ್ನುತ್ತಾರೆಂದು ಬೀದಿಯವರು ಇಟ್ಟ ಹೆಸರು ಅದು. ದಪ್ಪ ಮೀಸೆ, ಸಿಮೆಂಟು ಮೆತ್ತಿದ ಟೋಪಿ, ಕರಣೆ ಕೈಗೆ ಬಂದರೆ ಬಾಯಲ್ಲಿ ಗುನುಗು. ಕೆಲಸ ಅಚ್ಚುಕಟ್ಟು, ಸುಳ್ಳು ಹೇಳಬಾರದು. ಆದರೆ ಹೇಳಿದ್ದಕ್ಕಿಂತ ಎಳ್ಳಷ್ಟೂ ಆಚೀಚೆ ಮಾಡುವವರಲ್ಲ. ಹಿಂದೆ ಯಾರದೋ ಮನೆಯಲ್ಲಿ, ಚೆಂದ ಕಾಣಲಿ ಎಂದು ತಾವಾಗಿಯೇ ಕಿಟಕಿಯನ್ನು ಸ್ವಲ್ಪ ಮೇಲಕ್ಕೆ ಇಟ್ಟರಂತೆ. ಆ ಮನೆಯ ಯಜಮಾನಿ ಕುಳ್ಳಿ. ಬೀದಿಯೇ ಕಾಣುವುದಿಲ್ಲವೆಂದು ರಂಪ ಮಾಡಿ ಗೋಡೆ ಒಡೆಸಿಯೇ ಬಿಟ್ಟರಂತೆ. “ಅವತ್ತಿಂದ ನನ್ನ ಬುದ್ಧೀನ ಮನೇಲೇ ಬಿಟ್ಟು ಬರ್ತೀನಕ್ಕ” ಎಂದು ನಗುತ್ತಿದ್ದರು.

ನಮಗೆ ಬಚ್ಚಲು ಬೇಕಾಗಿದ್ದು ಅತ್ತೆಗಾಗಿ. ಜಾರಿಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ವಾಕರ್ ಹಿಡಿದು ನಿಧಾನಕ್ಕೆ ನಡೆಯುತ್ತಿದ್ದರು, ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ನಮ್ಮ ಬಚ್ಚಲೋ ಮಹಡಿಯ ಮೇಲೆ. “ನನ್ನ ಸ್ನಾನ ನಾನೇ ಮಾಡ್ಕೋಬೇಕು. ಇನ್ನೊಬ್ರ ಕೈಲಿ ಮೈ ತೊಳೆಸ್ಕೊಳ್ಳೋ ಹಾಗಿದ್ರೆ ನಾನು ಆ ಮನೆಗೇ ಬರಲ್ಲ” ಎಂದು ಮುಖ ತಿರುಗಿಸಿಬಿಟ್ಟಿದ್ದರು. ಹಟ ಹಿಡಿದರೆ ಬ್ರಹ್ಮ ಬಂದರೂ ಕೇಳುವವರಲ್ಲ. ಅದಕ್ಕೇ ಕೆಳಗಿನ ಸಾಮಾನಿನ ಕೋಣೆಯನ್ನು ಬಚ್ಚಲು ಮಾಡಿಕೊಡಿ ಎಂದು ಮೇಸ್ತ್ರಿಗೆ ಒಪ್ಪಿಸಿದ್ದೆವು.

ಅತ್ತೆ ಬರುವ ಹಿಂದಿನ ದಿನ ಕೆಲಸ ಮುಗಿಯಿತು. ನಾನು ಆಸ್ಪತ್ರೆಯಿಂದಲೇ ಫೋನ್ ಮಾಡಿ, “ಮೇಸ್ತ್ರಿ, ಬಚ್ಚಲ ಬಾಗಿಲು ತೆಗೆದುಬಿಡಿ, ಗಾಳಿಯಾಡಿ ಒಣಗಲಿ” ಅಂದೆ.

“ಆಯ್ತಕ್ಕ.”

ಮನೆಗೆ ಬಂದು ನೋಡುತ್ತೇನೆ, ಬಾಗಿಲೇ ಇಲ್ಲ! ಬಾಗಿಲಷ್ಟೇ ಅಲ್ಲ, ಗೋಡೆಯಲ್ಲಿದ್ದ ಮರದ ಚೌಕಟ್ಟನ್ನೂ ಕಿತ್ತು ಪಕ್ಕಕ್ಕೆ ಒರಗಿಸಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಏನ್ರೀ ಇದು, ಮಾಡಿಟ್ಟಿರೋದು?”

“ನೀವೇ ತಾನೆ ಅಕ್ಕ, ತೆಗೀರಿ ಅಂದಿದ್ದು?”

“ತೆಗೀರಿ ಅಂದ್ರೆ ತೆರೆದಿಡಿ ಅಂತ ರೀ, ಕಿತ್ತುಹಾಕಿ ಅಂತಲ್ಲ! ಹೋಗಲಿ, ಚೌಕಟ್ಟೇನು ಮಾಡಿತ್ತು ನಿಮಗೆ?”

“ಅರ್ಧಂಬರ್ಧ ಕೆಲಸ ನನಗೆ ಆಗಲ್ಲಕ್ಕ.”

ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ನನ್ನ ಗಂಡ ಅಂಗಡಿಯಿಂದ ಹೊಸ ವಾಕರ್ ಹೊತ್ತು ತಂದರು. ನಮ್ಮ ಜಗಳ ನಿಲ್ಲಿಸಲೆಂದೋ ಏನೋ, “ಇರಿ, ಅಮ್ಮ ನಡೆಯೋ ಹಾಗೆ ನಡೆದು ನೋಡ್ತೀನಿ” ಎಂದು ಅದನ್ನು ಊರುತ್ತಾ ಬಚ್ಚಲಿನೊಳಗೆ ಹೋದರು. ಮೇಸ್ತ್ರಿ ಪೆಚ್ಚುಮೋರೆ ಹಾಕಿಕೊಂಡು ಚೌಕಟ್ಟನ್ನು ಎತ್ತಿ ಮತ್ತೆ ಗೋಡೆಯ ಕಂಡಿಯಲ್ಲಿ ನಿಲ್ಲಿಸಿದರು. ಇವರು ಹೊರಗೆ ಬರಲು ನೋಡುತ್ತಾರೆ, ವಾಕರಿನ ಕಾಲು ಎರಡೂ ಕಡೆ ಮರಕ್ಕೆ ಟಣ್ ಎಂದು ಬಡಿಯಿತು. ತಳ್ಳಿದರು, ಓರೆ ಮಾಡಿದರು. ಊಹೂಂ.

ಟೈಲ್ಸಿನ ಬಣ್ಣ, ನಲ್ಲಿಯ ಎತ್ತರ, ಎಲ್ಲಕ್ಕೂ ತಲೆ ಕೆಡಿಸಿಕೊಂಡಿದ್ದೆವು. ವಾಕರ್ ಎಷ್ಟು ಅಗಲ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ನಾಳೆ ಅತ್ತೆ ಇಲ್ಲಿ ಸಿಕ್ಕಿಹಾಕಿಕೊಂಡು ನಿಂತಿದ್ದರೆ?

“ಈಗ ಚೌಕಟ್ಟು ಇಡ್ಲಾ, ಬಿಡ್ಲಾ ಅಕ್ಕ?” ಮೇಸ್ತ್ರಿ ಮೆಲ್ಲಗೆ ಕೇಳಿದರು.

“ಇವತ್ತೊಂದಿನ ಆ ನಿಮ್ಮ ಬುದ್ಧೀನ ಮನೆಯಿಂದ ತರಿಸ್ಕೊಳ್ಳಿ ಮಾರಾಯ್ರೆ” ಅಂದೆ. ನಗು ತಡೆಯಲಾಗಲಿಲ್ಲ.

ತರಿಸಿಕೊಂಡರು! ಗೋಡೆಯ ಅಂಚಿಗೆ ನುಣ್ಣಗೆ ಗಾರೆ ಮಾಡಿದರು. ಅದೇ ಬಾಗಿಲಿಗೆ ಎರಡೂ ಬದಿ ಹಲಗೆ ಸೇರಿಸಿ ಅಗಲ ಮಾಡಿ, ಮೇಲೆ ಕಬ್ಬಿಣದ ಪಟ್ಟಿಗೆ ಚಕ್ರ ಕೂರಿಸಿ ತೂಗುಹಾಕಿದರು. ಕೈಯಿಂದ ಮೆಲ್ಲಗೆ ನೂಕಿದರೆ ಪಕ್ಕಕ್ಕೆ ಸರಿಯುತ್ತಿತ್ತು.

ಮರುದಿನ ಅತ್ತೆ ಬಂದವರೇ ಯಾರ ಕೈಯನ್ನೂ ಹಿಡಿಯದೆ ವಾಕರ್ ಊರುತ್ತಾ ನೇರ ಬಚ್ಚಲಿಗೆ ನಡೆದರು. ಒಳಗೆ ಹೋದರು. ಬಾಗಿಲನ್ನು ತಾವೇ ಎಳೆದುಕೊಂಡರು. ನಾನು, ನನ್ನ ಗಂಡ, ಮೇಸ್ತ್ರಿ, ಮೂವರೂ ಹೊರಗೆ ಪಿಸುಗುಟ್ಟುತ್ತಾ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ನಲ್ಲಿ ತಿರುಗಿತು. ನೀರು ಬಕೆಟ್ಟಿಗೆ ಬೀಳತೊಡಗಿತು.

“ಯಾರದು ಅಲ್ಲಿ ಪಿಸುಪಿಸು ಅಂತಿರೋದು? ಹೆಂಗಸು ಸ್ನಾನಕ್ಕೆ ಹೋಗಿದ್ದಾಳೆ ಅನ್ನೋ ಮರ್ಯಾದೆ ಬೇಡ್ವಾ? ನಡೀರಿ ಆಚೆ!”

ಎಂಥ ಗದರು! ಆಸ್ಪತ್ರೆಗೆ ಸೇರಿದ ಮೇಲೆ ಆ ದನಿಯನ್ನು ನಾವು ಕೇಳಿಯೇ ಇರಲಿಲ್ಲ. ಹೋದ ಜೀವ ಬಂದಂತಾಯಿತು. ಮೂವರೂ ಅಡುಗೆಮನೆಗೆ ಓಡಿದೆವು. ಅಲ್ಲಿ ನನ್ನ ಗಂಡ ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಮುಂದೆ ಬಗ್ಗಿ, ಮಗುವಿನ ಹಾಗೆ ಅತ್ತುಬಿಟ್ಟರು.