ಒಂದೇ ಥಾನಿನ ಸಂಸಾರ

ನಮ್ಮ ಮನೆಗೆ ಬಟ್ಟೆ ಬರುವುದೆಂದರೆ ಇಡೀ ಥಾನು. ಎಲ್ಲರಿಗೂ ಒಂದರಲ್ಲೇ ಹೊಲಿಸಿದರೆ ‘ಅವಳದೇ ಚೆಂದ’ ಎಂಬ ಜಗಳವಿಲ್ಲ. ಬಿಳಿ, ಬೂದಿ, ತೆಳುನೀಲಿ ಇರುವತನಕ ನನಗೂ ಈ ಪದ್ಧತಿಯ ಮೇಲೆ ತಕರಾರಿರಲಿಲ್ಲ.

ಸಾವಿರದ ಒಂಬೈನೂರ ಐವತ್ತರ ದಶಕದ ಒಂದು ವರ್ಷ ನಮ್ಮ ಯಜಮಾನರು ಸಂತೆಮರಹಳ್ಳಿ ಸಂತೆಯಿಂದ ಕಿತ್ತಳೆ ಬಣ್ಣದ ಥಾನು ಹೊತ್ತು ತಂದರು. ಅದರ ತುಂಬ ಕಪ್ಪು, ಹಳದಿ ತ್ರಿಕೋನಗಳು. ಚಾಮರಾಜನಗರದಲ್ಲಿ ರೇಖಾಗಣಿತ ಹೇಳಿಕೊಡುವ ಮೇಷ್ಟರಲ್ಲವೇ? ಬಣ್ಣ ಬಿಟ್ಟು ಕೋನ ನೋಡಿದ್ದರು. “ಎಲ್ಲಾ ಸಮಬಾಹು ಕಣೇ!” ಎಂದು ಹಿಗ್ಗಿದರು. ಅವರಿಗೆ ಬುಶ್‌ಶರ್ಟು, ಮಕ್ಕಳಿಗೆ ಅಂಗಿ, ನಾದಿನಿ ಗಿರಿಜೆಗೆ ಸೀರೆ, ರವಿಕೆ. ಇನ್ನೂ ಉಳಿಯಿತು. ನಾನೇ ಕೂತು ನಡುಮನೆ ಬಾಗಿಲಿಗೆ ಪರದೆ ಹೊಲಿದೆ.

ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಗಿರಿಜೆಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹಿಂದೆ ಬಂದಿದ್ದವರು ಉಪ್ಪಿಟ್ಟು ತಿಂದು ‘ತಿಳಿಸ್ತೀವಿ’ ಎಂದು ಹೋದವರು ಇಂದಿಗೂ ತಿಳಿಸಿಲ್ಲ. ಈ ಹುಡುಗನನ್ನು ಅವಳು ಯಾರದೋ ಮದುವೆಯಲ್ಲಿ ಕಂಡು ಮೆಚ್ಚಿದ್ದಳು, ನನ್ನೊಬ್ಬಳಿಗೇ ಹೇಳಿದ್ದಳು. ರೇಷ್ಮೆ ಉಡಿಸೋಣವೆಂದರೆ, “ಅದು ಹಳೇ ಫ್ಯಾಷನ್ನು, ತ್ರಿಕೋನದ್ದೇ ಉಡಲಿ” ಎಂದರು ಯಜಮಾನರು. ಮೈಸೂರಿನ ಕಟಿಂಗ್ ಕಲಿತುಬಂದಿದ್ದ ದರ್ಜಿ ಆ ರವಿಕೆಯನ್ನು ಮೈಗೆ ಅಂಟಿಸಿದಂತೆ ಹೊಲಿದು, “ನಗ್ಬ್ಯಾಡ ಕಣಮ್ಮಿ, ಒಲಿಗೆ ಬುಟ್ಕತದೆ” ಎಂದು ಎಚ್ಚರಿಸಿದ್ದ.

ಅವರು ಬಂದು ಕೂತರು. ಗಿರಿಜೆ ಕಾಫಿ ತಟ್ಟೆ ಹಿಡಿದು ಬಂದು, ಸಂಕೋಚದಿಂದ ಪರದೆಗೆ ಒತ್ತಿಕೊಂಡು ನಿಂತಳು. ತ್ರಿಕೋನದೊಳಗೆ ತ್ರಿಕೋನ ಸೇರಿಹೋಯಿತು. ಹುಡುಗನ ತಾಯಿ ಕಣ್ಣು ಕಿರಿದು ಮಾಡಿ ನೋಡಿದರು.

“ಕಾಪಿ ಬಂತು. ಉಡ್ಗಿ ಎಲ್ಲವ್ವಾ?”

ಗಿರಿಜೆ ತುಟಿ ಕಚ್ಚಿದಳು, ಕೆನ್ನೆ ಉಬ್ಬಿಸಿದಳು, ಕೊನೆಗೆ ತಡೆಯಲಾರದೆ ಗೊಳ್ಳೆಂದಳು. ಟರ್ರೆಂದು ತೋಳಿನ ಹೊಲಿಗೆ ಬಿಟ್ಟಿತು. ನೋಡಲು ಬಂದವರೆದುರು ಹೆಣ್ಣು ನಗುವುದೇ! ಬಂದವರಲ್ಲಿ ಮೊದಲು ನಕ್ಕವನು ಹುಡುಗ. ಬೆಳಗಿನಿಂದ ಅಲಂಕರಿಸಿ ನಾವು ಮರೆಮಾಡಿದ್ದ ಹುಡುಗಿ ಆಗ ಅವನಿಗೆ ಕಂಡಿರಬೇಕು.

“ಒಪ್ಗೆ ಕಣವ್ವ,” ಎಂದರು ಆ ತಾಯಿ, ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತ. “ಆದ್ರೆ ನಮ್ದೊಂದು ಮಾತದೆ.”

ನಾನು ಕುತ್ತಿಗೆಯ ಸರ ಮುಟ್ಟಿಕೊಂಡೆ.

“ಮದ್ವೆ ಜವಳಿ ಪೂರಾ ನಾವೇ ತತ್ತೀವಿ. ನಿಮ್ ಮೇಷ್ಟ್ರು ಮಾತ್ರ ಅಂಗಡಿ ಕಡೆ ಓಗ್‌ಕೂಡ್ದು.”

ಇಷ್ಟು ಅಗ್ಗದ ವರದಕ್ಷಿಣೆಯನ್ನು ನಾನು ಕೇಳಿಯೇ ಇರಲಿಲ್ಲ. ತೆರಬೇಕಾದವರಿಗೆ ಅದು ಎಷ್ಟು ದುಬಾರಿಯೆಂದು ಯಜಮಾನರ ಮುಖ ನೋಡಿದಾಗಲೇ ತಿಳಿದದ್ದು.